ಜೋಕಿಮ್ ಪೊರ್ಬುಗಳೂ ನಲವತ್ತೆರಡು ಸೂಚಕರೂ

ಸಭೆಯಲ್ಲಿ ಚಪ್ಪಾಳೆ ಬಿದ್ದಾಗ ಉಳಿದವರೆಲ್ಲ ವೇದಿಕೆಯ ಕಡೆ ನೋಡಿದರೆ ಜೋಕಿಮ್ ಬ್ಯಾಪ್ಟಿಸ್ಟರು ಮಾತ್ರ ಕುರ್ಚಿಯಲ್ಲಿ ಅರ್ಧ ತಿರುಗಿ ಹಿಂದಿನ ಸಾಲುಗಳನ್ನು ನೋಡುತ್ತಿದ್ದರು. ಮೊದಲ ಚಪ್ಪಾಳೆ ತಟ್ಟಿದವನು ಯಾರೆಂದು ಪತ್ತೆ ಹಚ್ಚದೆ ಅವರಿಗೆ ಸಮಾಧಾನವಿಲ್ಲ. ಸನ್ಮಾನವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಇಗರ್ಜಿಯ ಹಬ್ಬದ ನಾಟಕವಿರಲಿ, ನೂರು ಜನರ ಕೈಯಲ್ಲಿ ಸಂತೋಷವೆಂಬುದು ಏಕಕಾಲಕ್ಕೆ ತಾನಾಗಿ ಹುಟ್ಟಲಾರದು, ಎಲ್ಲೋ ಒಬ್ಬ ಅದನ್ನು ಮೊದಲೇ ಮಾತಾಡಿಕೊಂಡು ಬಂದಿರುತ್ತಾನೆ ಎಂಬುದು ಅವರ ಸಿದ್ಧಾಂತವಾಗಿತ್ತು. ಒಮ್ಮೆ ಮಣಿಪಾಲದಲ್ಲಿ ನಾನು ಭಾಷಣ ಮುಗಿಸಿ ಕೆಳಗಿಳಿದಾಗ, ಮಾತು ಚೆನ್ನಾಗಿತ್ತು ಎನ್ನುವ ಉಪಚಾರವನ್ನೂ ಮಾಡದೆ, "ಮಾಸ್ಟ್ರೆ, ಆ ಹಸಿರು ಅಂಗಿಯವ ನಿಮ್ಮ ಶಿಷ್ಯನಾ? ಶುರು ಮಾಡಿದ್ದು ಅವನೇ," ಎಂದರು. ಅವನು ನನ್ನ ಶಿಷ್ಯನೇ ಆಗಿದ್ದ. ಆ ಭಾಷಣದ ಬಗ್ಗೆ ನನಗಿದ್ದ ಹೆಮ್ಮೆ ಅಲ್ಲಿಗೇ ಮುಗಿಯಿತು.

ಅಲೆವೂರಿಗೂ ಕಟಪಾಡಿಗೂ ನಡುವೆ, ಗದ್ದೆಬಯಲಿನ ಆಚೀಚೆ ಹರಡಿಕೊಂಡ ಪುಟ್ಟ ಊರು ನಮ್ಮದು. ಹೆಸರು ಹೇಳಿದರೆ ಈಗಲೂ ಮುನಿಸಿಕೊಳ್ಳುವವರಿದ್ದಾರೆ, ಆದ್ದರಿಂದ ಹೇಳುವುದಿಲ್ಲ. ನಾನು ಅಲ್ಲಿಂದ ದಿನವೂ ಉಡುಪಿಗೆ ಹೋಗಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ತುಳುವರಾದ ನಾವು ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳೆಂದು ಕರೆಯುವುದು ವಾಡಿಕೆಯಾದ್ದರಿಂದ ಜೋಕಿಮ್ ಬ್ಯಾಪ್ಟಿಸ್ಟರು ಇಡೀ ಊರಿಗೆ ಜೋಕಿಮ್ ಪೊರ್ಬುಗಳು. ಸರಕಾರಿ ಕಚೇರಿಯ ಚುನಾವಣಾ ಶಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು, ಕಾರ್ಕಳದಲ್ಲೂ ಉಡುಪಿಯಲ್ಲೂ ನಾಮಪತ್ರಗಳನ್ನು ತಿರುವಿ ತಿರುವಿ ನೋಡಿ ಕಣ್ಣು ಸವೆಸಿಕೊಂಡು ನಿವೃತ್ತರಾದವರು. ಸೆಕೆಗಾಲದಲ್ಲೂ ಕಳಚದ ಒಂದು ಕರಿ ಕೋಟು. ಅದರ ಒಳಜೇಬಿಗೆ ಹೆಂಡತಿ ಸೆಲೀನ್ ಬಾಯಿಯವರಿಂದ ಹೊಲಿಸಿಕೊಂಡ ಎರಡು ಗುಂಡಿ. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡುವರು. ಹೊಸಬರು ಅವರು ಏನನ್ನೋ ಬೀಳಿಸಿಕೊಂಡಿದ್ದಾರೆಂದು ತಿಳಿದು ತಾವೂ ನೆಲ ನೋಡುತ್ತಿದ್ದರು.

ಮಾತಿಗೊಂದು ಪಲ್ಲವಿಯಿತ್ತು: "ಅದು ಸರಿ, ಸೂಚಿಸಿದ್ದು ಯಾರು? ಅನುಮೋದಿಸಿದ್ದು ಯಾರು?" ಊರಿಗೆ ಹೊಸ ಬಸ್ಸು ಬರುತ್ತದಂತೆ ಎಂದರೂ ಇದೇ ಪ್ರಶ್ನೆ, ಇಗರ್ಜಿಗೆ ಬಣ್ಣ ಬಳಿಸುತ್ತಾರಂತೆ ಎಂದರೂ ಇದೇ. ಮಗಳು ಆಂಜೆಲಾಳಿಗೆ ಕಾಪುವಿನಿಂದ ಸಂಬಂಧ ಬಂದಾಗ ಹುಡುಗನ ಕಡೆಯವರು, ಹುಡುಗಿ ನಮಗೆಲ್ಲರಿಗೂ ಒಪ್ಪಿಗೆ ಎಂದು ಹೇಳಿ ಕಳುಹಿಸಿದರು. ಬೇರೆ ತಂದೆಯಾದರೆ ಅಂದೇ ಪಾದ್ರಿಗಳ ಬಳಿಗೆ ಓಡುತ್ತಿದ್ದ. ಇವರು ಮಂಕಾದರು. "ಎಂಟು ಮಂದಿ ಇರುವ ಮನೆ ಮಾಸ್ಟ್ರೆ. ಒಬ್ಬರಾದರೂ ಎಂತದೂ ಹೇಳಲಿಲ್ಲವಾ? ಹೇಗೆ ಸಾಧ್ಯ ಉಂಟು?" ಎಂದು ನನ್ನಲ್ಲಿ ತೋಡಿಕೊಂಡು, ಮರುದಿನ ತಾವೇ ಕಾಪುವಿಗೆ ಹೋಗಿ, ಅಂಗಡಿಯವರನ್ನು ಕೇಳಿ, ನೆರೆಯವರನ್ನು ಕೇಳಿ, ಕೊನೆಗೆ ಹುಡುಗನ ಅಜ್ಜಿಗೆ ಮಾತ್ರ ಹುಡುಗಿ ತುಸು ಹೆಚ್ಚೇ ಉದ್ದವಾದಳೆಂಬ ಅಸಮಾಧಾನವಿದೆ ಎಂಬುದನ್ನು ಪತ್ತೆ ಹಚ್ಚಿ ನಿರಾಳವಾಗಿ ಹಿಂದಿರುಗಿದರು. ಮದುವೆ ನಡೆಯಿತು. ಆ ಅಜ್ಜಿಯನ್ನು ಕಂಡರೆ ಅವರಿಗೆ ಬೀಗರಲ್ಲೆಲ್ಲ ಹೆಚ್ಚಿನ ಪ್ರೀತಿ.

ನಮ್ಮ ಊರಿನಲ್ಲಿ ಹಾಲಿನ ಸಂಘವೊಂದಿತ್ತು. ವರ್ಷಕ್ಕೆ ಇಂತಿಷ್ಟು ದಿನ ಹಾಲು ಹಾಕಿದವನಿಗೆ ಮಾತ್ರ ಸದಸ್ಯತ್ವವೂ ಮತವೂ. ನನ್ನ ತಾಯಿ ಕರೆದ ಹಾಲಿನ ಬಲದಿಂದ ನಾನೂ ಸದಸ್ಯನಾಗಿದ್ದೆ. ಜೋಕಿಮ್ ಪೊರ್ಬುಗಳ ಮನೆಯಲ್ಲಿ ಹಾಲು ಕುಡಿಯುವವರು ಇಬ್ಬರೇ, ಅದೂ ಕಾಫಿಗೆ; ಆದರೂ ಅವರು ಒಂದು ಬಿಳಿ ಹಸುವನ್ನು ಸಾಕಿದ್ದರು. ಅದರ ಸೆಗಣಿ ಬಾಚಿ ಸೊಂಟ ನೋವು ತಂದುಕೊಂಡ ಸೆಲೀನ್ ಬಾಯಿ ಒಮ್ಮೆ ನನ್ನೆದುರಿಗೇ ಅದನ್ನು ಮಾರಿಬಿಡಿ ಎಂದು ಗದರಿದಾಗ ಅವರು ಗಂಭೀರವಾಗಿ, "ಇದು ದನ ಅಲ್ಲ ಸೆಲೀನ್, ನನ್ನ ಓಟು," ಎಂದರು. ಉಡುಪಿಯಿಂದ ಸ್ವಂತಕ್ಕೊಂದು, ಹಾಲಿಗೆ ಬೆರೆತ ನೀರನ್ನು ತೋರಿಸುವ ಗಾಜಿನ ಕಡ್ಡಿಯನ್ನೂ ತಂದಿಟ್ಟುಕೊಂಡಿದ್ದರು. ಬೆಳಿಗ್ಗೆ ಸಂಘದ ಜಗಲಿಯಲ್ಲಿ ನಿಂತು ಬರುವವರ ಪಾತ್ರೆಗಳನ್ನು ಆ ಕಡ್ಡಿಗಿಂತಲೂ ತೀಕ್ಷ್ಣವಾಗಿ ಅವರ ಕಣ್ಣು ಪರೀಕ್ಷಿಸುತ್ತಿತ್ತು. ಈ ಪರೀಕ್ಷೆಯಲ್ಲಿಯೇ ನೆರೆಮನೆಯ ಭೋಜನೊಂದಿಗೆ ಅವರಿಗೆ ಮಾತು ಬಿಟ್ಟುಹೋದದ್ದು. ಭೋಜನ ಹಾಲಿಗೆ ನೀರು ಬಿದ್ದಿದೆಯೆಂದು ಅವರು ಎಲ್ಲರೆದುರಿಗೆ ಅಂದರು. ಕಾರ್ಯದರ್ಶಿ ಲಿಯೋನೆಲ್ ಮೂರು ಸಲ ಪರೀಕ್ಷಿಸಿ ಶುದ್ಧವಿದೆ ಎಂದ. ಪೊರ್ಬುಗಳು ಕ್ಷಮೆ ಕೇಳುವ ಬದಲು, ಮೂರು ಸಲವೂ ಒಂದೇ ಫಲಿತಾಂಶ ಬಂದದ್ದು ಹೇಗೆ ಎಂದು ಕೇಳಿದರು. ಭೋಜ ಪಾತ್ರೆ ಎತ್ತಿಕೊಂಡು ಹೊರಟವನು ನಾಲ್ಕು ವರ್ಷ ಅವರ ಮುಖ ನೋಡಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೇಳರ ಜುಲೈ ತಿಂಗಳಲ್ಲಿ ದೇಶಕ್ಕೆ ಹೊಸ ರಾಷ್ಟ್ರಪತಿಗಳು ಅವಿರೋಧವಾಗಿ ಆಯ್ಕೆಯಾದ ಸುದ್ದಿ ರೇಡಿಯೋದಲ್ಲಿ ಬಂತು. ಮೂವತ್ತೇಳು ಮಂದಿ ನಾಮಪತ್ರ ಸಲ್ಲಿಸಿದ್ದರು, ಮೂವತ್ತಾರು ತಿರಸ್ಕೃತವಾಗಿ ಒಂದೇ ಉಳಿಯಿತು ಎಂಬ ಪತ್ರಿಕೆಯ ವರದಿಯನ್ನು ಪೊರ್ಬುಗಳು ಕತ್ತರಿಸಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು. ಎಲ್ಲ ಪಕ್ಷಗಳೂ ಒಪ್ಪಿ ಆರಿಸಿದ ವ್ಯಕ್ತಿಯ ಬಗ್ಗೆ ಅವರಿಗೆ ದೂರೇನೂ ಇರಲಿಲ್ಲ. ಅವರ ಜೀವವಿದ್ದದ್ದು ಆ ಮೂವತ್ತಾರರಲ್ಲಿ. ಅವುಗಳನ್ನು ಬರೆದವರು ಯಾರು, ಯಾವ ಊರಿನವರು, ಎಲ್ಲಿ ತಪ್ಪಿದರು ಎಂದು ಹಾಲು ಹಾಕಲು ಬಂದ ಹೆಂಗಸರನ್ನೂ ಹಿಡಿದು ನಿಲ್ಲಿಸಿ ವಿವರಿಸತೊಡಗಿದರು. ಮೊದಲೆಲ್ಲ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಿತ್ತು. ಮೂರು ವರ್ಷದ ಹಿಂದೆ ಕಾನೂನು ಬದಲಾಗಿ ಶಾಸಕರು, ಸಂಸದರ ಪೈಕಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕಾದರು. ಒಬ್ಬರ ಸಹಿ ಒಂದೇ ಕಾಗದಕ್ಕೆ ಸಲ್ಲುವುದು. ಹೆಂಗಸರು ಹೌದಾ ಎಂದು ತಲೆಯಾಡಿಸಿ ಪಾತ್ರೆ ತೊಳೆಯಲು ಹೋಗುತ್ತಿದ್ದರು. ನಾನೂ ಬಸ್ಸಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ.

ಈ ಉಪನ್ಯಾಸವನ್ನು ಆದ್ಯಂತವಾಗಿ ಕೇಳಿದವರು ಒಬ್ಬರೇ, ಸಂಘದ ಅಧ್ಯಕ್ಷರಾದ ಅನಂತಪದ್ಮನಾಭರಾಯರು. ಸಂಘ ಹುಟ್ಟಿದಂದಿನಿಂದ ಅವರೇ ಅಧ್ಯಕ್ಷರು, ಪ್ರತಿಸಲವೂ ಅವಿರೋಧ. ಮೃದುಭಾಷಿ, ಸುಸಂಸ್ಕೃತರು, ಎದುರಿಗೆ ಬಂದ ಕೂಲಿಯಾಳಿಗೂ ಮೊದಲು ತಾವೇ ಕೈಮುಗಿಯುವವರು. ಅವರು ಪೊರ್ಬುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ತರಿಸಿ, ಪ್ರತಿಯೊಂದು ಕಲಮನ್ನೂ ಕೇಳಿದರು. ನಾನು ಅಂದು ಬಸ್ಸು ತಪ್ಪಿ ಅಲ್ಲಿಯೇ ಇದ್ದೆ.

"ಹಾಗಾದರೆ ಪೊರ್ಬುಗಳೇ, ಸಹಿ ಹಾಕಬಹುದಾದವರೆಲ್ಲ ಒಬ್ಬರಿಗೇ ಹಾಕಿಬಿಟ್ಟರೆ?"

"ಹಾಕಿಬಿಟ್ಟರೆ ಬೇರೆಯವನಿಗೆ ಹಾಕಲು ಯಾರು ಉಳಿದರು ರಾಯರೇ? ಓಟಿನವರೆಗೆ ಬರುವುದೇ ಇಲ್ಲ."

ರಾಯರು "ಓಹೋ" ಎಂದು ತಲೆದೂಗಿದರು. ತಮ್ಮ ಮೂವತ್ತು ವರ್ಷದ ವಿದ್ಯೆಗೆ ಕೊನೆಗೂ ಒಬ್ಬ ಶಿಷ್ಯ ದೊರೆತನೆಂದು ಪೊರ್ಬುಗಳ ಮುಖ ಅರಳಿತ್ತು. ಅಂದು ಅವರು ಮನೆಗೆ ಹೋದದ್ದು ಒಮ್ಮೆಯೂ ಹಿಂದಿರುಗಿ ನೋಡದೆ.

ಸಂಘದ ಚುನಾವಣೆ ಸೆಪ್ಟೆಂಬರಿನಲ್ಲಿತ್ತು. ನಮ್ಮ ಹಳೆಯ ಬೈಲಾದ ಪ್ರಕಾರ ಅಧ್ಯಕ್ಷರನ್ನು ಸದಸ್ಯರೇ ನೇರವಾಗಿ ಆರಿಸಬೇಕು. ನಾಮಪತ್ರಕ್ಕೆ ಅಭ್ಯರ್ಥಿಯಲ್ಲದ ಇಬ್ಬರು ಸೂಚಕರು ಸಾಕು, ಹೆಚ್ಚಿದ್ದರೂ ಅಡ್ಡಿಯಿಲ್ಲ. ಆದರೆ ಒಬ್ಬನೇ ಸದಸ್ಯ ಇಬ್ಬರ ಕಾಗದಕ್ಕೆ ಸಹಿ ಹಾಕಿದರೆ ಎರಡೂ ಸಹಿ ರದ್ದು. ಒಂದು ಇಳಿಮಧ್ಯಾಹ್ನ ರಾಯರು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿದರು, ನನ್ನ ತಾಯಿಯ ಮಾವಿನ ಮಿಡಿ ಉಪ್ಪಿನಕಾಯಿಯನ್ನು ನೆನೆದು ಹೊಗಳಿದರು. ಹೊರಡುವ ಮುಂಚೆ ಚೀಲದಿಂದ ಕಾಗದವೊಂದನ್ನು ತೆಗೆದು, "ಈ ಸಲ ಇಡೀ ಊರೇ ಸೂಚಕರಾಗಲಿ ಅಂತ ಒಂದು ಆಸೆ ಮಾಸ್ಟ್ರೆ. ನಿಮ್ಮಂಥವರ ಹೆಸರು ಇದ್ದರೆ ಸಂಘಕ್ಕೇ ಗೌರವ ಅಲ್ವಾ?" ಎಂದರು. ಆಗಲೇ ಆರು ಸಹಿಗಳಿದ್ದವು. ಉಪ್ಪಿನಕಾಯಿಯನ್ನು ಹೊಗಳಿದವರಿಗೆ ಸಹಿ ಇಲ್ಲವೆನ್ನುವುದು ನಮ್ಮ ಕಡೆ ಸಾಧ್ಯವಿಲ್ಲ. ಹಾಕಿದೆ. ಮೇಲೆ ಏನು ಬರೆದಿದೆಯೆಂದು ಓದಲಿಲ್ಲ.

ಹೀಗೆ ಅವರು ಹದಿನೈದು ದಿನ ಮನೆಮನೆಗೆ ಹೋದರು. ಹೋಗದಿದ್ದದ್ದು ಮೂರು ಮನೆಗೆ ಮಾತ್ರ.

ಅವುಗಳಲ್ಲೊಂದು ಕುಶಲಾಳದು. ಊರ ನಡುವೆ ಹರಿಯುವ ಸಣ್ಣ ಹಳ್ಳ, ನಮ್ಮ ತೋಡಿನ ಆಚೆ, ಗದ್ದೆಯ ಅಂಚಿನಲ್ಲಿ ಅವಳ ಮನೆ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ, ಒಂದು ಹಸು ಸಾಕಿ, ಹಾಸಿಗೆ ಹಿಡಿದ ತಾಯಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಳ್ಳುತ್ತಿದ್ದ ನಲವತ್ತರ ಹೆಂಗಸು. ಊರಿಗೆಲ್ಲ ಕುಶಲಕ್ಕ. ಅವಳೂ ಸೇರಿದಂತೆ ಹನ್ನೆರಡು ಮನೆಯವರಿಗಾಗಿ ತೋಡಿನ ಆಚೆಗೇ ಒಂದು ಕಟ್ಟೆಯಲ್ಲಿ ಬೆಳಿಗ್ಗೆ ಹಾಲು ಅಳೆದು ತರುವ ಏರ್ಪಾಡಿತ್ತು. ಅದನ್ನು ಮುಚ್ಚಿ, ಎಲ್ಲರೂ ರಸ್ತೆ ಬದಿಯಲ್ಲಿ ತಮ್ಮ ಮನೆಯ ಗೇಟಿನ ಪಕ್ಕದ ಹೊಸ ಕಟ್ಟಡಕ್ಕೇ ತರಬೇಕೆಂದು ರಾಯರು ತೀರ್ಮಾನಿಸಿದ್ದು ಹೇಗೋ ಅವಳೊಬ್ಬಳ ಕಿವಿಗೆ ಬಿದ್ದಿತ್ತು, ಅವಳು ಅವರನ್ನೇ ಕೇಳಿಯೂ ಇದ್ದಳು. ಆಚೆಯವರಿಗೆ ಅದು ಒಂದೂವರೆ ಮೈಲಿಯ ಸುತ್ತು. ಮಳೆಗಾಲದಲ್ಲಿ ತೋಡಿನ ಮೇಲಿನ ಸಂಕವೆಂದರೆ ಎರಡು ಒದ್ದೆ ಅಡಕೆ ಮರ. ಮಲಗಿದ ತಾಯಿಯನ್ನು ಬಿಟ್ಟು ಅಷ್ಟು ದೂರ ನಡೆದು ಹೊತ್ತಿಗೆ ಸರಿಯಾಗಿ ಮುಟ್ಟಲಾಗದಿದ್ದರೆ ಕುಶಲಕ್ಕ ಹಸುವನ್ನು ಮಾರಬೇಕು. ಅದನ್ನು ತಪ್ಪಿಸಲು ಅವಳಿಗೆ ಕಂಡ ದಾರಿ ಒಂದೇ, ತಾನೇ ಅಧ್ಯಕ್ಷತೆಗೆ ನಿಲ್ಲುವುದು. ತೋಡಿನ ಆಚೆಯ ಹನ್ನೆರಡಲ್ಲದೆ ಈಚೆಯ ಹೆಂಗಸರೂ ಗುಟ್ಟಾಗಿ ಓಟು ಹಾಕಿಯಾರು ಎಂಬ ಆಸೆ ಅವಳದು.

ಅವಳು ಮೊದಲು ಬಂದದ್ದು ಜೋಕಿಮ್ ಪೊರ್ಬುಗಳಲ್ಲಿಗೆ. ನಾನು ಅವರ ಜಗಲಿಯಲ್ಲೇ ಕುಳಿತಿದ್ದೆ. ಅವರು ಸಹಜವಾಗಿಯೇ ಕಣ್ಣು ಕಿರಿದು ಮಾಡಿ ಕೇಳಿದರು:

"ಅದು ಸರಿ, ನಿನ್ನನ್ನು ಕಳುಹಿಸಿದ್ದು ಯಾರು?"

"ನನ್ನ ಮಂಡಿ ನೋವು ಕಳುಹಿಸಿದ್ದು ಪೊರ್ಬುಗಳೇ," ಎಂದಳು ಕುಶಲಕ್ಕ.

ಪೊರ್ಬುಗಳು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ, ಅಂದು ನಕ್ಕರು. ಕೂಡಲೇ ಒಳಗೆ ಹೋಗಿ ಕಾಗದ ತಂದು, ಅಡ್ಡಗೆರೆ ಉದ್ದಗೆರೆ ಎಳೆದು, ಒಂದು ಅಕ್ಷರವೂ ಅಂಚು ಮೀರದಂತೆ ನಾಮಪತ್ರ ಬರೆದರು. ಅಭ್ಯರ್ಥಿಯ ಜಾಗದಲ್ಲಿ ಕುಶಲಕ್ಕ ಸಹಿ ಹಾಕಿದಳು, ಸೂಚಕರ ಜಾಗದಲ್ಲಿ ತಾವು ಹಾಕಿದರು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದರು.

ನಾನು ನಿಜ ಹೇಳಬೇಕಾಯಿತು. ಅವರು ಪೆನ್ನನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಚಾಚಿದ ಕೈ ಹಾಗೆಯೇ ಇತ್ತು.

"ಓದದೆ ಹಾಕಿದಿರಾ ಮಾಸ್ಟ್ರೆ? ನೀವು ಕನ್ನಡ ಕಲಿಸುವವರು ಮಾರಾಯ್ರೆ."

ಕುಶಲಕ್ಕ ಅಂಗಳದ ಕಡೆ ನೋಡುತ್ತ ನಿಂತಿದ್ದಳು. ಎರಡು ದಿನ ಪೊರ್ಬುಗಳು ಊರೆಲ್ಲ ತಿರುಗಿದರು. ಎಲ್ಲ ಮನೆಯಲ್ಲೂ ಒಂದೇ ಉತ್ತರ: ರಾಯರಿಗೆ ಸಹಿ ಹಾಕಿ ಆಗಿದೆ. ತೋಡಿನ ಆಚೆಯ ಉಳಿದ ಹನ್ನೊಂದು ಹೆಂಗಸರೂ ಹಾಕಿದ್ದರು. ಕಟ್ಟೆ ಮುಚ್ಚುವ ಮಾತನ್ನು ರಾಯರು ಅವರಲ್ಲಿ ಎತ್ತಿಯೇ ಇರಲಿಲ್ಲ. ನಲವತ್ತಾರು ಸದಸ್ಯರಲ್ಲಿ ರಾಯರನ್ನೂ ಕುಶಲಕ್ಕನನ್ನೂ ಪೊರ್ಬುಗಳನ್ನೂ ಬಿಟ್ಟರೆ ನಲವತ್ತಮೂರು ಮಂದಿ; ಅದರಲ್ಲಿ ನಲವತ್ತೆರಡು ಮಂದಿ ಸೂಚಕರಾಗಿಬಿಟ್ಟಿದ್ದರು. ಆಗ ಪೊರ್ಬುಗಳಿಗೆ ಜುಲೈ ತಿಂಗಳ ಆ ಕಾಫಿ ನೆನಪಾಯಿತು. "ಕಲಿಸಿದ್ದು ನಾನೇ," ಎಂದರು. ಇಡೀ ಜಗತ್ತನ್ನು ಸಂಶಯಿಸಿದ ಮನುಷ್ಯ, ತನ್ನ ಮಾತನ್ನು ತಾಳ್ಮೆಯಿಂದ ಕೇಳಿದವನೊಬ್ಬನನ್ನು ಮಾತ್ರ ಸಂಶಯಿಸಿರಲಿಲ್ಲ. ನನಗೆ ಅವರ ಮೇಲೆ ಕನಿಕರವೂ ನನ್ನ ಮೇಲೆ ನಾಚಿಕೆಯೂ ಒಟ್ಟಿಗೇ ಬಂದವು. ರಾಯರ ಮನೆಗೆ ಹೋಗಿ ನನ್ನ ಹೆಸರು ಹೊಡೆದುಹಾಕಿ ಎನ್ನಬೇಕೆಂದು ಆ ವಾರ ಮೂರು ಸಲ ಅಂಗಿ ತೊಟ್ಟೆ. ಹೋಗಲಿಲ್ಲ.

ಉಳಿದ ಒಬ್ಬನೆಂದರೆ ಭೋಜ. ಅಳಿಯನ ಕಾಲು ಮುರಿದಿದ್ದರಿಂದ ಅಲ್ಲಿಯ ಬೇಸಾಯ ನೋಡಿಕೊಳ್ಳಲು ಎರಡು ತಿಂಗಳಿಂದ ಕಾರ್ಕಳದ ಬಳಿಯ ಕುಕ್ಕುಂದೂರಿನಲ್ಲಿದ್ದ. ಇಲ್ಲಿ ಹೆಂಡತಿ ಹಾಲು ಹಾಕುತ್ತಿದ್ದಳು. ರಾಯರು ಅವನಲ್ಲಿಗೆ ಹೋಗದೆ ಬಿಟ್ಟದ್ದು ದೂರವೆಂದೋ, ಅಥವಾ ಜೋಕಿಮರು ಭೋಜನ ಬಾಗಿಲು ತಟ್ಟುವವರಲ್ಲ ಎಂಬ ಭರವಸೆಯಿಂದಲೋ, ನನಗೆ ತಿಳಿಯದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಶನಿವಾರ, ಹನ್ನೊಂದರಿಂದ ಮೂರು ಗಂಟೆಯವರೆಗೆ. ಅಂದು ಬೆಳಿಗ್ಗೆ ಪೊರ್ಬುಗಳು ಕೋಟಿನ ಗುಂಡಿ ಹಾಕಿಕೊಂಡು ನಮ್ಮ ಮನೆಯೆದುರು ನಿಂತರು. "ನೀವು ಬನ್ನಿ ಮಾಸ್ಟ್ರೆ. ಅವ ನನ್ನಲ್ಲಿ ಮಾತಾಡುವುದಿಲ್ಲ, ನಿಮ್ಮಲ್ಲಾದರೂ ಆಡಿಯಾನು," ಎಂದರು. ಕಾಲೇಜಿಗೆ ರಜೆ ಹಾಕಿ ಹೊರಟೆ.

ಮಣಿಪಾಲದಲ್ಲಿ ಕಾರ್ಕಳದ ಬಸ್ಸು ಹಿಡಿದು, ಹಿರಿಯಡ್ಕ ದಾಟಿ, ಜೋಡುರಸ್ತೆಯಲ್ಲಿ ಇಳಿದೆವು. ಭೋಜ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ. ಪೊರ್ಬುಗಳನ್ನು ಕಂಡು ಬೆನ್ನು ನೆಟ್ಟಗೆ ಮಾಡಿದ.

"ಎಂತ ಪೊರ್ಬುಗಳೇ, ದಾರಿ ತಪ್ಪಿತಾ?"

ನಾನು ಬಾಯಿ ತೆರೆಯುವ ಮೊದಲೇ ಪೊರ್ಬುಗಳು ಕಚೇರಿಯ ಭಾಷೆಯಲ್ಲಿ ವಿಷಯವನ್ನು ನಿರೂಪಿಸಿದರು. ಬೈಲಾದ ಕಲಮು ಹೇಳಿದರು. ಭೋಜ ಪೂರ್ತಿ ಕೇಳಿದನೋ ಇಲ್ಲವೋ, ಬದುವಿನ ಪಕ್ಕದ ನೀರಿನಲ್ಲಿ ಕೈ ತೊಳೆದು, ಲುಂಗಿಗೆ ಒರೆಸಿಕೊಂಡ.

"ಕುಶಲಕ್ಕನಿಗೆ ಅಲ್ವಾ? ಕೊಡಿ."

"ಓದುವುದಿಲ್ಲವಾ ನೀನು?"

"ನೀವು ಬರೆದದ್ದಲ್ವಾ? ನೀವು ತಪ್ಪು ಬರೆಯುವವರಲ್ಲ. ನನಗೂ ನಿಮಗೂ ಮಾತಿಲ್ಲ, ಅದು ಬೇರೆ."

ಸಹಿ ಹಾಕಿದ. ರಾಯರ ಕಾಗದಕ್ಕೆ ಹಾಕಿದ್ದೀಯಾ ಎಂದು ಪೊರ್ಬುಗಳು ಕೇಳಿದರು. ಇಲ್ಲವೆಂದ. ಇನ್ನೊಮ್ಮೆ ಕೇಳಿದರು. "ಎರಡು ತಿಂಗಳಾಯಿತು ನಾನು ಊರಿಗೆ ಬಾರದೆ, ಹೇಗೆ ಹಾಕುವುದು ಮಾರಾಯ್ರೆ?" ಎಂದು ನಕ್ಕು, ಮನೆಗೆ ಕರೆದು ಬೆಲ್ಲ ನೀರು ಕೊಟ್ಟ. ನನ್ನ ಮನಸ್ಸು ಹಗುರವಾಗಿತ್ತು. ಒಬ್ಬ ಮನುಷ್ಯನ ಒಳ್ಳೆಯತನವನ್ನು ಅಷ್ಟು ಹತ್ತಿರದಿಂದ, ಅಷ್ಟು ಸರಳವಾಗಿ ನಾನು ಹಿಂದೆ ಕಂಡಿರಲಿಲ್ಲ.

ಬಸ್ಸು ಹಿರಿಯಡ್ಕಕ್ಕೆ ಬರುವಷ್ಟರಲ್ಲಿ ಪೊರ್ಬುಗಳು ಕಾಗದವನ್ನು ನಾಲ್ಕು ಸಲ ತೆಗೆದು ನೋಡಿದ್ದರು.

"ನಾಲ್ಕು ವರ್ಷದ ಕೋಪ ಇರುವವ. ಒಂದು ಬೈಗುಳವೂ ಇಲ್ಲ, ಒಂದು ಪ್ರಶ್ನೆಯೂ ಇಲ್ಲ. ಸಹಿ ಹಾಕಿದ. ನಿಮಗೆ ಎಂತದೂ ಅನಿಸಲಿಲ್ಲವಾ ಮಾಸ್ಟ್ರೆ?"

"ಒಳ್ಳೆಯವನು ಅನಿಸಿತು," ಎಂದೆ.

"ರಾಯರ ಕಾಗದದಲ್ಲೂ ಅವನ ಹೆಸರಿದ್ದರೆ? ಎರಡೂ ರದ್ದು. ರಾಯರಿಗೆ ನಲವತ್ತರಲ್ಲಿ ಒಂದು ಹೋದರೆ ಹೋಯಿತು, ನಮಗೆ ನನ್ನದು ಬಿಟ್ಟರೆ ಇರುವುದೇ ಒಂದು. ಕುಶಲನಿಗೆ ಊರೆದುರು ಅವಮಾನ. ನನಗೆ ಭೋಜ ಇಟ್ಟ ಬತ್ತಿ."

ಒಂದೂಕಾಲಿಗೆ ಸಂಘದ ಕಟ್ಟಡ ತಲುಪಿದೆವು. ಕುಶಲಕ್ಕ ಜಗಲಿಯ ಕಂಬಕ್ಕೊರಗಿ ಕಾದಿದ್ದಳು. ಒಳಗೆ ಇಲಾಖೆಯಿಂದ ಬಂದ ಚುನಾವಣಾಧಿಕಾರಿ, ಅವರ ಮುಂದೆ ಖಾಲಿ ಮೇಜು. ನಾಲ್ಕು ಹೆಜ್ಜೆ ನಡೆದು ಕಾಗದವನ್ನು ಆ ಮೇಜಿನ ಮೇಲೆ ಇಡುವುದಷ್ಟೇ ಉಳಿದಿತ್ತು. ಪೊರ್ಬುಗಳು ಇಡಲಿಲ್ಲ. ರಾಯರ ನಾಮಪತ್ರ ನೋಡಬೇಕೆಂದು ಲಿಯೋನೆಲನನ್ನು ಕೇಳಿದರು. ಅದು ಇನ್ನೂ ಬಂದಿಲ್ಲ, ರಾಯರು ಎರಡೂಮುಕ್ಕಾಲಿಗೆ ಒಳ್ಳೆಯ ಗಳಿಗೆಯೆಂದು ಆಗ ಬರುತ್ತಾರೆ ಎಂದ ಅವನು. "ಹಾಗಾದರೆ ನಾನೂ ಆಗಲೇ," ಎಂದು ಪೊರ್ಬುಗಳು ಬೆಂಚಿನ ಮೇಲೆ ಕುಳಿತರು.

"ಭೋಜನ ಹೆಸರು ಅಲ್ಲಿದ್ದರೂ ನಾವು ಮಾಡುವುದು ಎಂತ ಉಂಟು?" ಎಂದು ನಾನು ರೇಗಿದೆ. "ಬೇರೆ ಸಹಿ ಹಾಕುವವರಾರೂ ಉಳಿದಿಲ್ಲವಲ್ಲ. ಕೊಟ್ಟುಬಿಡಿ."

"ತಿರಸ್ಕಾರ ಆಗುವ ಕಾಗದ ನನ್ನ ಕೈಯಿಂದ ಹೋಗಲಿಕ್ಕಿಲ್ಲ ಮಾಸ್ಟ್ರೆ. ಮೂವತ್ತು ವರ್ಷ ಬೇರೆಯವರದ್ದನ್ನು ತಿರಸ್ಕಾರ ಮಾಡಿದವ ನಾನು."

"ಹೋದರೆ ಹೋಗಲಿ ಪೊರ್ಬುಗಳೇ," ಎಂದಳು ಕುಶಲಕ್ಕ. "ನನಗೆ ಅವಮಾನ ಎಂತದೂ ಇಲ್ಲ. ನನಗೆ ಕೊಡಿ, ನಾನೇ ಇಡುತ್ತೇನೆ."

ಅವರು ಕೋಟಿನ ಮೇಲೆ ಅಂಗೈ ಒತ್ತಿ ಹಿಡಿದು, ಸ್ವಲ್ಪ ತಾಳು ಎಂದರು. ಅವಳು ತಾಳಿದಳು. ಹಿರಿಯರ ಎದೆಯಿಂದ ಕಾಗದ ಕಿತ್ತುಕೊಳ್ಳುವ ಹೆಂಗಸಲ್ಲ ಅವಳು, ಕಿತ್ತುಕೊಡಬೇಕಾಗಿದ್ದವನು ನಾನು. ನಾನೂ ಗಡಿಯಾರ ನೋಡುತ್ತ ಕುಳಿತೆ.

ಎರಡೂಮುಕ್ಕಾಲಿಗೆ ರಾಯರು ಬಂದರು, ಅವರ ಹಿಂದೆ ಅರ್ಧ ಊರು. ಜಗಲಿ ತುಂಬಿತು, ಬಾಗಿಲು ತುಂಬಿತು. ರಾಯರು ಎಲ್ಲರಿಗೂ, ಪೊರ್ಬುಗಳಿಗೂ, ಕೈಮುಗಿದು ನಾಮಪತ್ರವನ್ನು ಅಧಿಕಾರಿಯ ಮುಂದಿಟ್ಟು, "ಸೂಚಕರೆಲ್ಲ ಇಲ್ಲೇ ಇದ್ದಾರೆ, ಹೆಸರು ಓದಿ ಹೇಳಿದರೆ ಅವರಿಗೂ ಸಂತೋಷ," ಎಂದು ವಿನಯದಿಂದ ವಿನಂತಿಸಿದರು. ಅಧಿಕಾರಿ ಓದತೊಡಗಿದರು. ಒಂದೊಂದು ಹೆಸರಿಗೂ ಒಂದು ನಗು, ಒಂದು ತಲೆಬಾಗು, ಹಿಂದಿನಿಂದ ಒಂದು ಕುಚೋದ್ಯ. ನನ್ನ ಹೆಸರು ಬಂದಾಗ ಕುಶಲಕ್ಕ ತಲೆಯೆತ್ತಿ ನನ್ನನ್ನು ನೋಡಿದಳು; ಅವಳಿಗೆ ವಿಷಯ ಗೊತ್ತಿತ್ತು, ಆದರೂ ನೋಡಿದಳು. ಪೊರ್ಬುಗಳು ಕತ್ತು ಚಾಚಿ, ಕಿವಿಗೆ ಕೈ ಹಚ್ಚಿ, ಒಂದೇ ಒಂದು ಹೆಸರಿಗಾಗಿ ಕಾಯುತ್ತಿದ್ದರು. ನಲವತ್ತೆರಡೂ ಮುಗಿದವು. ಭೋಜನ ಹೆಸರು ಅದರಲ್ಲಿರಲಿಲ್ಲ.

"ಇಲ್ಲ! ಇಲ್ಲ ಮಾಸ್ಟ್ರೆ!" ಎಂದು ಪೊರ್ಬುಗಳು ಸಂಭ್ರಮದಿಂದ ಎದ್ದರು. ಗುಂಪನ್ನು ಸೀಳಿ, ಒಳಜೇಬಿನ ಎರಡು ಗುಂಡಿಗಳನ್ನು ತಡವರಿಸಿ ಬಿಚ್ಚಿ ಕಾಗದವನ್ನು ಮೇಜಿನ ಮೇಲೆ ಇಟ್ಟರು. ಅಧಿಕಾರಿ ಮಣಿಕಟ್ಟಿನ ಗಡಿಯಾರ ನೋಡಿದರು. ಮೂರು ಗಂಟೆ ಎರಡು ನಿಮಿಷ. "ಸಮಯ ಮೀರಿತು," ಎಂದರು.

ಕುಶಲಕ್ಕನೂ ನಾನೂ ಪೊರ್ಬುಗಳು ಈಗ ಜಗಳಕ್ಕೆ ನಿಲ್ಲುತ್ತಾರೆಂದುಕೊಂಡೆವು. ಅವರು ತಮ್ಮ ಗಡಿಯಾರ ನೋಡಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ, "ಹೌದು. ಎರಡು ನಿಮಿಷ," ಎಂದು ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ನಿಯಮ ತಮ್ಮ ವಿರುದ್ಧ ತಿರುಗಿದಾಗ ಅದನ್ನು ಬೇರೆ ಅರ್ಥ ಮಾಡುವ ಜಾಣತನ ಅವರಲ್ಲಿರಲಿಲ್ಲ. ಅನಂತಪದ್ಮನಾಭರಾಯರು ಅವಿರೋಧವಾಗಿ ಆಯ್ಕೆಯಾದರು. ಚಪ್ಪಾಳೆ ಬಿತ್ತು. ಪೊರ್ಬುಗಳು ಹಿಂದಿರುಗಿ ನೋಡದೆ ಹೊರಗೆ ಹೋದರು. ಹೆಸರುಗಳನ್ನು ಓದಿಸಿದ್ದು ಬರಿಯ ವಿನಯವೋ ಅಥವಾ ಆ ಕರಿ ಕೋಟಿನ ಮೇಲೆ ಒತ್ತಿ ಹಿಡಿದ ಕೈಯನ್ನು ಕಂಡು ಮಾಡಿದ ಉಪಾಯವೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಸಂಶಯ ಅಂಟುವ ರೋಗವೆಂಬುದು ನನಗೆ ಆ ಮೇಲೆಯೇ ತಿಳಿದದ್ದು.

ತೋಡಿನ ಆಚೆಯ ಕಟ್ಟೆ ನವೆಂಬರಿನಲ್ಲಿ ಮುಚ್ಚಿತು. ಕುಶಲಕ್ಕ ಮಳೆಗಾಲದವರೆಗೆ ಹೇಗೋ ನಡೆದಳು. ಜೂನ್ ತಿಂಗಳಲ್ಲಿ ಒಂದು ಮುಂಜಾನೆ ಸಂಕದ ಮೇಲೆ ಜಾರಿ ಬಿದ್ದು, ಹಾಲೂ ಹೋಗಿ, ಮಂಡಿಯೂ ಹೋಗಿ, ಮರುವಾರವೇ ಹಸುವನ್ನು ಕಾಪುವಿನ ಕಡೆಯವರಿಗೆ ಮಾರಿದಳು. ಅವಳೇ ಹಗ್ಗ ಹಿಡಿದು ಕುಂಟುತ್ತ ಅದನ್ನು ಕಟಪಾಡಿಯವರೆಗೆ ಕರೆದುಕೊಂಡು ಹೋಗುವಾಗ ಪೊರ್ಬುಗಳು ತಮ್ಮ ಮನೆಯ ಗೇಟಿನಲ್ಲಿ ನಿಂತಿದ್ದರು. ನಾನು ಬಸ್ಸಿಗೆಂದು ಅದೇ ದಾರಿಯಲ್ಲಿದ್ದೆ. ಅವಳು ನಿಂತಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಪೊರ್ಬುಗಳೇ, ರಾಯರಿಗೆ ಸಹಿ ಹಾಕಲಿಲ್ಲ ಅಂತ ಭೋಜಣ್ಣ ಹೇಳಿದ್ದು ಸರಿಯೇ ಇತ್ತಲ್ವಾ?"

"ಸರಿ ಇತ್ತು," ಎಂದರು ಪೊರ್ಬುಗಳು.

ಹಸು ಮುಂದಕ್ಕೆ ಎಳೆಯಿತು. ಅವಳು ಅದರ ಹಿಂದೆ ಹೋದಳು. ಪೊರ್ಬುಗಳು ಗೇಟಿನ ಚಿಲಕವನ್ನು ಸುಮ್ಮನೆ ಹಾಕಿ ತೆಗೆಯುತ್ತಿದ್ದದ್ದನ್ನು ನೋಡಿಯೂ ನೋಡದವನಂತೆ ನಾನು ಬಸ್ಸಿಗೆ ಹೋದೆ. ಆ ಮೇಲೆ ಆರು ವರ್ಷ ಅವರು ಬದುಕಿದ್ದರು. ಭೋಜನೊಂದಿಗೆ ಮಾತು ಮತ್ತೆ ಶುರುವಾಯಿತು, ಆದರೆ ಶುರು ಮಾಡಿದ್ದು ಭೋಜ.

ಜೋಕಿಮ್ ಪೊರ್ಬುಗಳಂಥವರು ಊರಿಗೊಬ್ಬರಾದರೂ ಇರುತ್ತಾರೆ, ಇರಲೂಬೇಕು. ಎಲ್ಲರೂ ತಲೆಯಾಡಿಸುವಲ್ಲಿ ಅವರೊಬ್ಬರು ಆಡಿಸುವುದಿಲ್ಲ. ಅವರ ಸಂಶಯಗಳಲ್ಲಿ ಹೆಚ್ಚಿನವು ಕಾಲಾಂತರದಲ್ಲಿ ನಿಜವೂ ಆಗುತ್ತವೆ. ಅವರ ದುರದೃಷ್ಟವಿರುವುದೂ ಅಲ್ಲಿಯೇ. ಪದೇ ಪದೇ ನಿಜವಾಗುವ ಸಂಶಯ ಅಭ್ಯಾಸವಾಗಿ ಬಲಿತು, ಕೊನೆಗೊಂದು ದಿನ ಪ್ರಾಮಾಣಿಕನೊಬ್ಬ ಕೈ ತೊಳೆದುಕೊಂಡು ಎದುರು ನಿಂತಾಗ ಅವನನ್ನು ಗುರುತಿಸಲಾರದೆ ಹೋಗುತ್ತದೆ. ಅವರ ಎರಡು ನಿಮಿಷವನ್ನು ನಮ್ಮ ಊರು ಇಂದಿಗೂ ನಗುತ್ತ ಹೇಳಿಕೊಳ್ಳುತ್ತದೆ. ನನಗೆ ಮಾತ್ರ ಆ ನಗು ಬರುವುದಿಲ್ಲ. ಒಬ್ಬನಿಗೆ ಎದುರಾಳಿಯೇ ಇಲ್ಲದಂತೆ ಮಾಡಲು ಯಾರನ್ನೂ ನಂಬದ ಒಬ್ಬ ಮನುಷ್ಯ ಸಾಲದು. ಅವನ ಸುತ್ತ ಓದದೆ ಸಹಿ ಹಾಕುವ, ಸಜ್ಜನರೆನಿಸಿಕೊಂಡ ನಲವತ್ತೆರಡು ಮಂದಿ ಬೇಕು, ಮತ್ತು ಅಂಥವರ ವ್ಯಕ್ತಿಚಿತ್ರವನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಬರೆಯುವವರು ನಾವೇ.